ಕಿವುಡ ಮಕ್ಕಳ ಶಿಕ್ಷಣ: ತರಗತಿ ಮರೆತದ್ದು, ಹಾಸ್ಟೆಲ್ ಕಲಿಸಿದ್ದು

ಮುಂಬೈಯಲ್ಲಿ ಕ್ಯಾಥೊಲಿಕ್ ಬಿಷಪ್ ಲಿಯೋ ಮ್ಯೂರಿನ್ ಅವರ ಮುತುವರ್ಜಿಯಿಂದ 1880ರ ದಶಕದಲ್ಲಿ ಆರಂಭವಾದ ಶಾಲೆ, 1893ರ ಕಲ್ಕತ್ತೆಯ ಶಾಲೆ, ಅದೇ ದಶಕದಲ್ಲಿ ಮಿಷನರಿ ಫ್ಲಾರೆನ್ಸ್ ಸ್ವೈನ್ಸನ್ ಪಾಳಯಂಕೋಟೆಯಲ್ಲಿ ತೆರೆದ ಶಾಲೆ, 1901ರಲ್ಲಿ ಎಂ. ಶ್ರೀನಿವಾಸರಾವ್ ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಸೇರಿಸಿ ಕಟ್ಟಿದ ಶಾಲೆ: ಭಾರತದಲ್ಲಿ ಕಿವುಡ ಮಕ್ಕಳ ಶಿಕ್ಷಣಕ್ಕೆ ಬುನಾದಿ ಹಾಕಿದ ಮೊದಲ ಪ್ರಯತ್ನಗಳಿವು. ನಾಲ್ಕರಲ್ಲಿ ಎರಡು ಕ್ರೈಸ್ತರವು. ಇವು ಹುಟ್ಟುವ ಹೊತ್ತಿಗೆ, 1880ರಲ್ಲಿ ಮಿಲಾನ್‌ನಲ್ಲಿ ಸೇರಿದ್ದ ಶಿಕ್ಷಕರ ಸಮ್ಮೇಳನ ಕೈಸನ್ನೆಯನ್ನು ತರಗತಿಯಿಂದ ಹೊರಹಾಕಿ ಮಾತಿಗೇ ಪಟ್ಟ ಕಟ್ಟಿಯಾಗಿತ್ತು. ಆ ತೀರ್ಮಾನದ ನೆರಳು ಇಪ್ಪತ್ತನೆಯ ಶತಮಾನದುದ್ದಕ್ಕೂ ನಮ್ಮ ಶಾಲೆಗಳ ಮೇಲಿತ್ತು; ಅಂಥದೇ ಸಮ್ಮೇಳನವೊಂದು ಅದನ್ನು ತಳ್ಳಿಹಾಕಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಹಾಗಾಗಿ ಈ ಚರಿತ್ರೆಯನ್ನು ಮಾತು ಮೇಲೋ ಸನ್ನೆ ಮೇಲೋ ಎಂಬ ವಾದವಾಗಿ ಓದುವುದು ರೂಢಿ. ಆದರೆ ವಸತಿ ಶಾಲೆಯ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಮಾತು ಹೊಳೆಯುತ್ತದೆ. ಮಿಷನ್ ಶಾಲೆಗಳ ನಿಜವಾದ ಕೊಡುಗೆ ಅವು ಕಲಿಸಲು ಹೊರಟ ಪಾಠವಲ್ಲ; ಕಿವುಡ ಮಕ್ಕಳನ್ನು ಒಂದೇ ಸೂರಿನಡಿ ಇರಿಸಿದ್ದರಿಂದ ತಾನಾಗಿ ಒದಗಿದ ಭಾಷೆ.

ಮಾತು ಕಲಿಸುವ ತರಗತಿಯಲ್ಲಿ ಮಗು ಕನ್ನಡಿಯ ಮುಂದೆ ಕೂತು ಶಿಕ್ಷಕರ ತುಟಿಯನ್ನೂ ತನ್ನ ತುಟಿಯನ್ನೂ ಹೋಲಿಸುತ್ತದೆ. ಅವರ ಗಂಟಲ ಮೇಲೊಂದು ಕೈ, ತನ್ನ ಗಂಟಲ ಮೇಲೊಂದು ಕೈ ಇಟ್ಟು ಅದುರುವುದನ್ನು ಹಿಡಿಯಲು ಕಲಿಯುತ್ತದೆ. ಇದು ಬಹಳ ತಾಳ್ಮೆ ಬೇಡುವ ಕೆಲಸ, ಫಲವೋ ಅನಿಶ್ಚಿತ. ಬರ, ಮರ ಎಂಬೆರಡು ಪದಗಳು ತುಟಿಯ ಮೇಲೆ ಒಂದೇ ಥರ ಕಾಣುವಾಗ ತುಟಿ ನೋಡಿಯೇ ಕನ್ನಡ ಕಲಿ ಎನ್ನುವುದು ಎಷ್ಟು ಕಷ್ಟವೆಂದು ಯಾರಾದರೂ ಊಹಿಸಬಹುದು. ತರಗತಿಯ ಹೊರಗೆ ಮಾತ್ರ ದಿನ ಸಲೀಸಾಗಿ ಸಾಗುತ್ತಿತ್ತು. ಪ್ರಾರ್ಥನೆಗೆ ಸಾಲು ನಿಲ್ಲುವುದು, ಊಟಕ್ಕೆ ತಟ್ಟೆ ಹಿಡಿಯುವುದು, ಬಟ್ಟೆ ಒಗೆಯುವುದು, ಹೊಲಿಗೆ, ಆಟ, ಜಗಳ, ಚಾಡಿ ಎಲ್ಲವೂ ಕೈಯಲ್ಲೇ ನಡೆಯುತ್ತಿದ್ದವು; ದೊಡ್ಡವರ ಕೈಯಿಂದ ಸಣ್ಣವರ ಕೈಗೆ ಭಾಷೆ ದಾಟುತ್ತಿತ್ತು. ಇದು ಬರೀ ಊಹೆಯಲ್ಲ. 1970ರ ದಶಕದ ಕೊನೆಯಲ್ಲಿ ಸಂಶೋಧಕರಾದ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು ದೆಹಲಿ, ಕಲ್ಕತ್ತ, ಮುಂಬೈ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಸಂಗ್ರಹಿಸಿದಾಗ ಅವೆಲ್ಲ ಪರಸ್ಪರ ನಂಟುಳ್ಳ ಪ್ರಭೇದಗಳೆಂದು ಕಂಡುಬಂತು. ಬಹುಪಾಲು ಶಾಲೆಗಳು ಪಾಠವಾಗಿ ಕಲಿಸದಿದ್ದ ಭಾಷೆ ಮಕ್ಕಳ ನಡುವೆಯೇ ಬೆಳೆದು ನಿಂತಿತ್ತು. ನಿಕರಾಗುವಾದ ಮನಾಗುವಾದಲ್ಲಿಯೂ 1977ರ ನಂತರ ಆದದ್ದು ಇದೇ: ಶಾಲೆ ತುಟಿ ಓದಿಸಲು ಹೆಣಗುತ್ತಿದ್ದಾಗ ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಕ್ಕಳು ಹೊಸ ಭಾಷೆಯೊಂದನ್ನೇ ಕಟ್ಟಿಕೊಂಡರು.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಈ ಮಾತು ನೇರವಾಗಿ ತಾಗುತ್ತದೆ. ಕಿವುಡ ಮಕ್ಕಳ ಸರ್ಕಾರಿ ವಸತಿ ಶಾಲೆ ರಾಜ್ಯದಲ್ಲಿರುವುದು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿ. ಹಡಗಲಿ, ಹರಪನಹಳ್ಳಿಗಳಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ದೂರ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಬೇರೆ ಜಿಲ್ಲೆಯೂ ಹೌದು. ಸೋದರಮಾವನ ಜೊತೆ, ಅತ್ತೆ-ಮಾವಂದಿರ ಮಕ್ಕಳ ಜೊತೆ ಮದುವೆ ಇನ್ನೂ ನಡೆಯುವ ಈ ಕಡೆ ಹುಟ್ಟುಕಿವುಡಿನ ಸಾಧ್ಯತೆಯೂ ಹೆಚ್ಚು. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಕೇಳಿಸುತ್ತದೆ. ಹಾಗಾಗಿ ಹಳ್ಳಿಯ ಮನೆಯಲ್ಲಿ ಮಗುವಿಗೆ ಸಿಗುವುದು ಬಾ, ಹೋಗು, ಉಣ್ಣು ಎಂಬಷ್ಟೇ ಸನ್ನೆಗಳು. ನಿನ್ನೆ ಏನಾಯಿತು, ಅವ್ವ ಯಾಕೆ ಅತ್ತಳು ಎಂದು ಕೇಳುವ ಭಾಷೆ ಅದಕ್ಕೆ ದಕ್ಕುವುದು ತನ್ನಂಥವರ ನಡುವೆ ಮಾತ್ರ.

ಕಿವುಡ ಮಕ್ಕಳನ್ನು ಹೀಗೆ ಒಟ್ಟಿಗೆ ಇರಿಸಿ ಓದಿಸಬೇಕೆಂಬ ಮಾತಿಗೆ ಮೂರು ಆಕ್ಷೇಪಗಳು ಬರುತ್ತವೆ. ಆರು ವರ್ಷದ ಮಗುವನ್ನು ಮನೆಯಿಂದ ಕಿತ್ತು ಪರಧರ್ಮದ ಪ್ರಾರ್ಥನೆಯ ನಡುವೆ ಬೆಳೆಸುವುದು ಸರಿಯೇ ಎಂಬುದು ಮೊದಲನೆಯದು. ಆಕ್ಷೇಪ ನ್ಯಾಯವಾದದ್ದೇ, ಭಾಷೆಯೇ ಇಲ್ಲದೆ ಬಂದ ಮಗು ಯಾವ ಧರ್ಮವನ್ನೂ ಆಯ್ದುಕೊಳ್ಳಲಾರದು. ಆದರೆ ಅದು ಆಡಳಿತವನ್ನು ತಿದ್ದಲು ಕಾರಣವೇ ಹೊರತು ಮಕ್ಕಳನ್ನು ಚದುರಿಸಲು ಅಲ್ಲ. ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಬಂದ ಮೇಲೆ ಸನ್ನೆ ಯಾಕೆ ಎಂಬುದು ಎರಡನೆಯದು. ಶಸ್ತ್ರಚಿಕಿತ್ಸೆ ಎಳವೆಯಲ್ಲೇ ಆಗಬೇಕು, ಆಮೇಲೆ ವರ್ಷಗಟ್ಟಲೆ ತರಬೇತಿ ಬೇಕು, ಯಂತ್ರದ ನಿರ್ವಹಣೆ ಬೇಕು. ಇಷ್ಟೂ ಒದಗುವವರೆಗೆ ಮಗುವಿನ ಮಿದುಳು ಭಾಷೆಗಾಗಿ ಕಾಯುವುದಿಲ್ಲ. ಸನ್ನೆ ಕಲಿತರೆ ಮಾತಿಗೇನೂ ಕುತ್ತಿಲ್ಲ. ಮೂರನೆಯದು ಸಮನ್ವಯ ಶಿಕ್ಷಣದ ವಾದ, ಎಲ್ಲಕ್ಕಿಂತ ಗಟ್ಟಿಯಾದದ್ದು: ಊರಿನ ಶಾಲೆಯಲ್ಲೇ ಎಲ್ಲರೊಡನೆ ಕೂರಲಿ ಎಂಬುದು. ಸನ್ನೆ ಬಲ್ಲ ಒಬ್ಬರೂ ಇಲ್ಲದ ತರಗತಿಯಲ್ಲಿ ಒಂಟಿ ಕಿವುಡ ಮಗುವನ್ನು ಕೂರಿಸಿದರೆ ಹಾಜರಿ ಬೀಳುತ್ತದೆ, ಕಲಿಕೆ ಆಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ನೆರೆಯ ಶಾಲೆ, ವಿಶೇಷ ಶಾಲೆ ಎರಡರಲ್ಲಿ ಆಯ್ಕೆಯನ್ನು ಮಗುವಿಗೆ ಬಿಟ್ಟಿದೆ. ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದೂ ಹೇಳಿದೆ.

ಭಾರತೀಯ ಸನ್ನೆ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವಾಯಿತು. ಅದರ ನಿಘಂಟು 2021ರಲ್ಲಿ ಹತ್ತು ಸಾವಿರ ಪದ ಮುಟ್ಟಿತು. ಶಾಲೆಗಳು ಒಂದು ಕಾಲಕ್ಕೆ ತಡೆಯಲು ನೋಡಿದ ಭಾಷೆಗೆ ಈಗ ಸರ್ಕಾರದ ಮುದ್ರೆ ಬಿದ್ದಿದೆ. ಹಾಸ್ಟೆಲ್‌ಗಳು ಕೊಟ್ಟಿದ್ದನ್ನು ಹಾಸ್ಟೆಲ್ ಇಲ್ಲದೆಯೂ ಕೊಡಬಹುದಾದ ದಾರಿ ಇದರಿಂದ ತೆರೆದಿದೆ. ಐದು ತಾಲ್ಲೂಕುಗಳ ಕಿವುಡ ಮಕ್ಕಳನ್ನು ಊರೂರಿನ ಶಾಲೆಗೆ ಹಂಚದೆ ಒಂದೆರಡು ಶಾಲೆಗಳಲ್ಲಿ ಒಟ್ಟುಗೂಡಿಸಿ, ಬಸ್ಸಿನ ಏರ್ಪಾಡು ಮಾಡಿ, ಕಿವುಡರನ್ನೇ ಶಿಕ್ಷಕರನ್ನಾಗಿ ತಂದು, ತಂದೆತಾಯಿಗೂ ಸನ್ನೆ ಕಲಿಸಿದರೆ ಮಗು ಮನೆಯನ್ನೂ ಬಿಡಬೇಕಿಲ್ಲ, ಭಾಷೆಯನ್ನೂ ಬಿಡಬೇಕಿಲ್ಲ. ಖರ್ಚು ಹೆಚ್ಚೆಂಬ ಮಾತು ಬರಬಹುದು. ಆದರೆ ಭಾಷೆ ಕಲಿಯುವ ವಯಸ್ಸು ಒಮ್ಮೆ ದಾಟಿದರೆ ಆ ನಷ್ಟವನ್ನು ಮುಂದಿನ ಯಾವ ಅನುದಾನವೂ ತುಂಬಿಕೊಡದು.