ಶಾಲೆಯ ಬಾಗಿಲು ಮತ್ತೆ ತೆರೆದಾಗ

ಈ ಸಲ ವೇದಿಕೆ ಹತ್ತಿ ಪ್ರಮಾಣಪತ್ರ ಪಡೆಯುವ ನಮ್ಮ ಮಕ್ಕಳಲ್ಲಿ ಹಲವರು 2020ರಲ್ಲಿ ಅಕ್ಷರ ತಿದ್ದಲು ಆರಂಭಿಸಿದವರು. ಅವರು ಮೊದಲು ಕಂಡ ಕನ್ನಡ ಮಿಸ್ ಐಪ್ಯಾಡ್ ಪರದೆಯ ಪುಟ್ಟ ಚೌಕದೊಳಗಿದ್ದರು. ಯಾರದೋ ಮನೆಯ ಕುಕ್ಕರ್ ಸೀಟಿ, "ಮಿಸ್, ಕೇಳಿಸ್ತಾ ಇಲ್ಲ" ಎಂಬ ಕೂಗು, ಇವನ್ನೆಲ್ಲ ನೆನೆದು ನಾವೀಗ ನಗುತ್ತೇವೆ. ಆದರೆ ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಪೋಷಕರಿಗೂ ಶಿಕ್ಷಕರಿಗೂ ನಡುವೆ ಎದ್ದ ಮನಸ್ತಾಪದ ಮಾತನ್ನು ಯಾರೂ ಎತ್ತುವುದಿಲ್ಲ. ಸ್ಮರಣ ಸಂಚಿಕೆ ಬಹುಕಾಲ ಮನೆಯಲ್ಲಿ ಉಳಿಯುವಂಥದ್ದು. ಆದ್ದರಿಂದ ಅದನ್ನೂ ಇಲ್ಲಿ ಬರೆದಿಡುವುದು ಒಳ್ಳೆಯದೆಂದು ತೋರಿತು.

ಮೊದಲು ನಮ್ಮ ಪರ್ತ್‌ನ ಕಥೆ. 2020ರ ಮಾರ್ಚ್ 26ರಂದು ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್ ಮಾರ್ಕ್ ಮೆಕ್‌ಗೋವನ್, ಸಾಧ್ಯವಾದವರು ಮಾರ್ಚ್ 30ರಿಂದ ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದರು. ಏಪ್ರಿಲ್ 5ರಂದು ರಾಜ್ಯದ ಗಡಿ ಮುಚ್ಚಿತು. ಎರಡನೆಯ ಟರ್ಮ್ ಏಪ್ರಿಲ್ 29ರಂದು ಶುರುವಾದಾಗ ಸರ್ಕಾರ ಶಾಲೆ ತೆರೆಯಿತು. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯವರು ಶಾಲೆಗೆ ಬರುವಂತೆ ಬಲವಾಗಿ ಉತ್ತೇಜಿಸಿತು. ಉಳಿದ ಮಕ್ಕಳನ್ನು ಕಳಿಸುವುದೋ ಬಿಡುವುದೋ ಎಂಬುದನ್ನು ಪೋಷಕರಿಗೇ ಬಿಟ್ಟಿತು. ಮನೆಯಲ್ಲಿ ಉಳಿದವರಿಗೆ ಆನ್‌ಲೈನ್ ಪಾಠ, ಇಲ್ಲವೇ ಅಚ್ಚು ಹಾಕಿದ ಪಾಠದ ಕಟ್ಟು.

ಶಿಕ್ಷಕರು ಸಿಟ್ಟಾದದ್ದು ಇಲ್ಲೇ. ಆಯ್ಕೆ ಪೋಷಕರಿಗೆ ಸಿಕ್ಕಿತು, ಶಿಕ್ಷಕರಿಗೆ ಸಿಗಲಿಲ್ಲ. ಏಪ್ರಿಲ್ 27ರಂದು ರಾಜ್ಯದಲ್ಲಿ ಹತ್ತು ಜನರವರೆಗೆ ಸೇರಬಹುದೆಂದು ಸಡಿಲಿಕೆ ಬಂತು. ಎರಡೇ ದಿನದ ಮೇಲೆ ಅದಕ್ಕಿಂತ ಹೆಚ್ಚು ಮಕ್ಕಳು ಒಂದೇ ಕೋಣೆಯಲ್ಲಿ ಕೂರಬಹುದಿತ್ತು. ಅಂಗಡಿಗೆ ಒಬ್ಬರಿಗೆ ನಾಲ್ಕು ಚದರ ಮೀಟರ್ ಎಂಬ ನಿಯಮವಿತ್ತು. ತರಗತಿಗೆ ಆ ನಿಯಮ ಹೊಂದುವುದಿಲ್ಲ, ಪಾಲಿಸಲು ಸಾಧ್ಯವೂ ಅಲ್ಲ ಎಂದು ರಾಷ್ಟ್ರದ ಆರೋಗ್ಯಾಧಿಕಾರಿಗಳ ಸಮಿತಿ ಹೇಳಿತು. ಮಕ್ಕಳಿಗೆ ಅಪಾಯ ಕಡಿಮೆ ಎಂಬ ಭರವಸೆಯೂ ಬಂತು. ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಶಿಕ್ಷಕಿಗೆ ಅದು ಉತ್ತರವಾಗಲಿಲ್ಲ. ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರ ಸಂಘವು ಜಾಹೀರಾತು ನೀಡಿ, ಆದವರು ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ಪೋಷಕರನ್ನು ಕೇಳಿಕೊಂಡಿತು. ಪ್ರೀಮಿಯರ್‌ಗೆ ಅದು ಹಿಡಿಸಲಿಲ್ಲ.

ಪೋಷಕರಾದರೂ ಒಂದೇ ಮಾತಿನವರಾಗಿದ್ದರೇ? ವಿಲೆಟನ್‌ನ ನಮ್ಮ ಮನೆಗಳನ್ನೇ ನೆನೆಯಿರಿ. ಕೆಲವರು ಲ್ಯಾಪ್‌ಟಾಪ್ ತೆರೆದು ಮನೆಯಿಂದಲೇ ಕೆಲಸ ಮಾಡುವವರು. ಕೆಲವರು ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ ಪಾಳಿ ದುಡಿಯುವವರು. ಶಾಲೆ ಇಲ್ಲದಿದ್ದರೆ ಮಗುವನ್ನು ನೋಡಿಕೊಳ್ಳಲು ಅವರಿಗೆ ಯಾರೂ ಇರಲಿಲ್ಲ. ಇನ್ನು ಕೆಲವರ ಮನೆಯಲ್ಲಿ ಮೂರು ತಿಂಗಳಿಗೆಂದು ಊರಿನಿಂದ ಬಂದಿದ್ದ ಅಜ್ಜ ಅಜ್ಜಿ ವಿಮಾನವಿಲ್ಲದೆ ಇಲ್ಲೇ ಉಳಿದಿದ್ದರು. ಶಾಲೆಯಿಂದ ಮಗು ಏನು ಹೊತ್ತು ತಂದೀತೋ ಎಂಬ ಭಯ ಆ ಮನೆಯದು. ಕಳಿಸಿದವರಿಗೆ ಕಳಿಸದವರು ಪುಕ್ಕಲರಾಗಿ ಕಂಡರು. ಕಳಿಸದವರಿಗೆ ಕಳಿಸಿದವರು ಕಲ್ಲೆದೆಯವರಾಗಿ ಕಂಡರು.

ಸೋಂಕು ಇಲ್ಲಿ ಬೇಗ ಇಳಿಯಿತು. ಮೇ 18ರಿಂದ, ಆರೋಗ್ಯದ ತೊಂದರೆ ಇರುವವರನ್ನು ಬಿಟ್ಟು ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂದಾಯಿತು. ಅಲ್ಲಿಗೆ ವಾದ ಮೂರೇ ವಾರದಲ್ಲಿ ಮುಗಿಯಿತು.

ಊರಿನಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನನ್ನ ತಂಗಿ ಅಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಭಾನುವಾರದ ಫೋನಿನಲ್ಲಿ ನಾನು ಪೋಷಕನ ಕಡೆಯಿಂದ, ಅವಳು ಶಿಕ್ಷಕರ ಕಡೆಯಿಂದ ಮಾತಾಡುತ್ತಿದ್ದೆವು. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಶಾಲೆ ತೆರೆಯುವ ಬಗ್ಗೆ ಪೋಷಕರ ಅಭಿಪ್ರಾಯ ಕೇಳಿದಾಗ ಹೆಚ್ಚಿನವರು ಈಗಲೇ ಬೇಡ ಎಂದರು. ಅದೇ ತಿಂಗಳು 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾತ್ರ ಆರಂಭವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಪರೀಕ್ಷೆ ಅದು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಊರೊಳಗೆ ಹೋಗಿ ದೇವಸ್ಥಾನದ ಜಗುಲಿಯಲ್ಲಿ, ಮರದ ಕೆಳಗೆ ಪಾಠ ಹೇಳಿದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

"ಅಣ್ಣ, ಮನೆಯಲ್ಲಿ ಕೂತು ಸಂಬಳ ಎಣಿಸ್ತೀರಿ ಅಂತಾರೆ. ಬೀದಿಗೆ ಹೋದರೆ ರೋಗ ತರ್ತೀರಿ ಅಂತಾರೆ. ನಾವು ಎಲ್ಲಿ ನಿಲ್ಲಬೇಕು?" ಎಂದು ಅವಳು ಒಂದು ದಿನ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಖಾಸಗಿ ಶಾಲೆಗಳಲ್ಲಿ ಜಗಳ ದುಡ್ಡಿನ ಕಡೆಗೆ ತಿರುಗಿತು. ನಡೆಯದ ತರಗತಿಗೆ ಪೂರ್ತಿ ಶುಲ್ಕವೇಕೆ ಎಂಬುದು ಪೋಷಕರ ಪ್ರಶ್ನೆ. ಶುಲ್ಕ ಬಾರದಿದ್ದರೆ ನಮಗೆ ಸಂಬಳವೆಲ್ಲಿ ಎಂಬುದು ಶಿಕ್ಷಕರ ಪ್ರಶ್ನೆ. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದ ಶೇಕಡ 70ರಷ್ಟನ್ನು ಮಾತ್ರ ಪಡೆಯಬೇಕೆಂದಿತು. ಎರಡು ಕಡೆಯವರಿಗೂ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ಬಡ ಪೋಷಕರ ಮನಸ್ಸು ಬೇರೆಯಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಪೋಷಕರಲ್ಲಿ ಸುಮಾರು ಶೇಕಡ 90ರಷ್ಟು ಮಂದಿ ತಕ್ಕ ಎಚ್ಚರಿಕೆಯಿದ್ದರೆ ಮಕ್ಕಳನ್ನು ಕಳಿಸಲು ಸಿದ್ಧರಿದ್ದರು. ಮನೆಯಲ್ಲಿ ಫೋನು ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಅವರಿಗೆ ಆನ್‌ಲೈನ್ ಎಂಬುದು ಶಾಲೆಯೇ ಅಲ್ಲ. ಕರ್ನಾಟಕ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಅದೇ ವಿಶ್ವವಿದ್ಯಾಲಯ ಪರೀಕ್ಷಿಸಿದಾಗ, ಶೇಕಡ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಕಂಡ ಚಿತ್ರವನ್ನು ಮಾತಲ್ಲಿ ಹೇಳುವುದು, ಓದುವುದು, ಸರಳ ವಾಕ್ಯ ಬರೆಯುವುದು, ಇಂಥವು. ಎರಡನೆಯ ಅಲೆ ಬಂದು ಎಲ್ಲ ಮತ್ತೆ ಮುಚ್ಚಿತು. ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ 2021ರ ಆಗಸ್ಟ್ 23ರಂದು ಶಾಲೆ ತೆರೆಯಿತು. ಒಂದರಿಂದ ಐದನೆಯ ತರಗತಿಯ ಚಿಕ್ಕವರು ಅಕ್ಟೋಬರ್ 25ರವರೆಗೆ, ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು, ಕಾದರು.

ಕೊನೆಗೆ ನಮ್ಮ ಕನ್ನಡ ತರಗತಿ. ಇಲ್ಲಿ ಪಾಠ ಹೇಳುವವರೂ ಪೋಷಕರೇ. 2022ರ ಮಾರ್ಚ್ 3ರಂದು ಗಡಿ ತೆರೆದು ಒಮಿಕ್ರಾನ್ ಪರ್ತ್‌ನೊಳಗೆ ಹರಡಿದಾಗ ಅದೇ ಜಗಳ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ಪರದೆಯ ಮುಂದೆ ಮಕ್ಕಳ ಕನ್ನಡ ಸವೆಯುತ್ತಿದೆ, ಕೋಣೆಗೆ ಕರೆಯಿರಿ ಎಂದು ಒತ್ತಾಯಿಸಿದವರಲ್ಲಿ ನಾನೂ ಒಬ್ಬ. ನಮ್ಮ ಶಿಕ್ಷಕಿಯೊಬ್ಬರು, ನನ್ನ ಅತ್ತೆಯವರಿಗೆ ಕಿಮೋ ನಡೆಯುತ್ತಿದೆ, ನಾನು ಬರಲಾರೆ ಎಂದರು. ವಾರಕ್ಕೆ ಎರಡು ಗಂಟೆಗೆ ಇಷ್ಟು ಭಯವೇ ಎಂದು ನಾನು ಬರೆದೆ. ಅವರು ಮರುಮಾತಾಡದೆ ಗುಂಪು ಬಿಟ್ಟರು. ಸಂಬಳವಿಲ್ಲದೆ ನಾಲ್ಕು ವರ್ಷ ನನ್ನ ಮಗಳಿಗೆ ಅಕ್ಷರ ಕಲಿಸಿದವರು ಅವರು.

ಆ ಕಾಲದ ಪಾಠವೆಂದರೆ ನನಗೆ ಇಷ್ಟೇ. ಯಾವಾಗ ತೆರೆಯಬೇಕೆಂಬುದಕ್ಕೆ ಪರ್ತ್‌ನ ಉತ್ತರ ಬೇರೆ, ಕಲಬುರಗಿಯ ಉತ್ತರ ಬೇರೆ. ಸೋಂಕಿನ ಲೆಕ್ಕವೇ ಬೇರೆಯಿತ್ತು. ಆದರೆ ಎರಡೂ ಕಡೆ ಪೋಷಕರನ್ನು ಕೇಳಿದಂತೆ, ಬಾಗಿಲು ತೆರೆದು ಒಳಗೆ ನಿಲ್ಲಬೇಕಾದವರನ್ನು ಕೇಳಲಿಲ್ಲ. ಶಿಕ್ಷಕರಿಗೂ ಮನೆಯಿದೆ, ಮನೆಯಲ್ಲಿ ಹಿರಿಯರಿದ್ದಾರೆ ಎಂಬುದು ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನೂ ಕೇಳಲಿಲ್ಲ.

ಕಳೆದ ವರ್ಷ ಅವರು ಮತ್ತೆ ಪಾಠಕ್ಕೆ ಬಂದರು. ನಾನು ಕ್ಷಮೆ ಕೇಳಿದೆ. "ಬಿಡಿ ಸರ್, ಮಗಳು ಈಗ ಒತ್ತಕ್ಷರ ಸರಿಯಾಗಿ ಬರೀತಾಳಾ?" ಎಂದರು. ಬರೆಯುತ್ತಾಳೆ. ಇಂದು ಅವಳೂ ವೇದಿಕೆ ಹತ್ತುತ್ತಿದ್ದಾಳೆ.