ಗರ್ಭಕಂಠದ ಕ್ಯಾನ್ಸರ್: ತಡೆಯುವ ದಾರಿ ತೆರೆದ ನೂರು ವರ್ಷ

ಭಾರತದಲ್ಲಿ ವರ್ಷಕ್ಕೆ ಸುಮಾರು 1.2 ಲಕ್ಷ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಗುತ್ತದೆ. ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಂದಿ ಅದಕ್ಕೆ ಬಲಿಯಾಗುತ್ತಾರೆ. ಇದರ ಕಾರಣ ಗೊತ್ತಿದೆ, ಬಲಿಯುವ ಮೊದಲೇ ಹಿಡಿಯುವ ಪರೀಕ್ಷೆಯಿದೆ, ಲಸಿಕೆಯೂ ಇದೆ. ಹಾಗಾಗಿ ಇವುಗಳಲ್ಲಿ ಬಹುಪಾಲು ಸಾವುಗಳು ಆಗಬೇಕಾದವಲ್ಲ.

ಗ್ರೀಸ್ ಮೂಲದ ವೈದ್ಯ ಜಾರ್ಜ್ ಪಾಪನಿಕೊಲಾವ್, ಉದುರಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕ್ಯಾನ್ಸರನ್ನು ಗುರುತಿಸಬಹುದೆಂದು 1928ರಲ್ಲಿ ಅಮೆರಿಕದಲ್ಲಿ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಜೊತೆಗೂಡಿ 1941ರಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆ ಈ ಪರೀಕ್ಷೆ 'ಪ್ಯಾಪ್ ಸ್ಮಿಯರ್' ಎಂಬ ಹೆಸರಲ್ಲಿ ಲೋಕಕ್ಕೆಲ್ಲ ಹಬ್ಬಿತು. ಅದನ್ನು ಶಿಸ್ತಾಗಿ ನಡೆಸಿದ ಫಿನ್ಲೆಂಡಿನಂಥ ದೇಶಗಳಲ್ಲಿ ಸಾವು ಇಳಿಯಿತು.

ಕಾರಣ ತಿಳಿದದ್ದು ತಡವಾಗಿ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ತಂಡ 1983–84ರಲ್ಲಿ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳನ್ನು ಈ ಗೆಡ್ಡೆಗಳಲ್ಲಿ ಕಂಡಿತು; 2008ರಲ್ಲಿ ಜುರ್ ಹೌಸೆನ್ ಅವರಿಗೆ ನೊಬೆಲ್ ಬಂತು. ಈ ಎರಡೇ ಬಗೆಗಳು ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಬಹುಪಾಲು ಹೆಂಗಸರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಬೇರೂರಿ, ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಎಚ್‌ಐವಿ, ಧೂಮಪಾನ, ಹೆಚ್ಚು ಹೆರಿಗೆಗಳು ಈ ಅಪಾಯವನ್ನು ಹೆಚ್ಚಿಸುತ್ತವೆ.

ಪ್ರಯೋಗಾಲಯ ದೂರವಿರುವ ಕಡೆ ತಪಾಸಣೆ ಹೇಗೆ? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ನೆಲದಲ್ಲೇ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರು. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ, ಅಷ್ಟೇ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದ್ದರಿಂದ ಸಾವು ಶೇ 31ರಷ್ಟು ತಗ್ಗಿತು. ಬೀದರ್, ಕಲಬುರಗಿಗೆ ಹೊಂದಿಕೊಂಡ, ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು: ಒಂದೇ ಒಂದು ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತ್ತು.

ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿ ಸಿಕ್ಕರೆ ಆ ಭಾಗವನ್ನು ಸುಟ್ಟೋ ಕತ್ತರಿಸಿಯೋ ತೆಗೆದರೆ ಸಾಕು. ಹೆಚ್ಚಾಗಿ ಅದೇ ದಿನ ಮನೆಗೆ ಹೋಗಬಹುದು. ಆರಂಭದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಮುಂದುವರಿದದ್ದಕ್ಕೆ ವಿಕಿರಣ. ವಿಕಿರಣದ ಜೊತೆಗೆ ಸಿಸ್ಪ್ಲಾಟಿನ್ ಔಷಧಿಯನ್ನೂ ಕೊಟ್ಟರೆ ಹೆಚ್ಚು ಮಂದಿ ಉಳಿಯುತ್ತಾರೆಂದು 1999ರಲ್ಲಿ ಖಚಿತವಾಯಿತು.

ಲಸಿಕೆ ಬಂದದ್ದು 2006ರಲ್ಲಿ. ಭಾರತದಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನದಲ್ಲಿ 2010ರಲ್ಲಿ ಲಸಿಕೆ ಹಾಕುವುದು ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರನ್ನು ಗಮನಿಸಿದಾಗ ಆ ಒಂದು ಡೋಸೇ ಬಲವಾದ ರಕ್ಷಣೆ ಕೊಟ್ಟದ್ದು ಕಂಡಿತು. ಒಂದು ಡೋಸನ್ನೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದ್ದರ ಹಿಂದೆ ಈ ಹುಡುಗಿಯರ ಪಾಲೂ ಇದೆ. 2023ರಲ್ಲಿ ದೇಶದ್ದೇ ಆದ ಸರ್ವಾವ್ಯಾಕ್ ಮಾರುಕಟ್ಟೆಗೆ ಬಂತು.

ಲೋಕಕ್ಕೆ ಪುರಾವೆ ಒದಗಿಸಿದ ನಮ್ಮ ದೇಶದಲ್ಲೇ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಮೂವತ್ತು ದಾಟಿದವರು ನೋವು ಬರುವವರೆಗೆ ಕಾಯಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಕೇಳಿ. ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮನೆಯ ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಲಸಿಕೆ ಹಾಕಿಸಿ.