ಗೋಡೆಕಪಾಟು (ಮಲೆನಾಡು)

ಗೋಡೆಕಪಾಟು ಎಂದರೆ ಗೋಡೆಯಲ್ಲಿ ಬಿಟ್ಟ ಜಾಗದಲ್ಲಿ ಅಥವಾ ಗೋಡೆಗೆ ಹೊಂದಿಕೊಂಡು, ಕೋಣೆಯ ಅಳತೆಗೆ ತಕ್ಕಂತೆ ಮಾಡಿಸುವ ಬಟ್ಟೆಬರೆಗಳ ಕಪಾಟು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಭಾರಿ ಮಳೆಯಾಗುತ್ತದೆ. ಮುಚ್ಚಿಟ್ಟ ಬಟ್ಟೆಗಳಿಗೆ ಬೂಷ್ಟು ಹಿಡಿಯುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಕಪಾಟಿನ ಯೋಜನೆಯಲ್ಲಿ ಸ್ಥಳದ ಹಂಚಿಕೆಯಷ್ಟೇ ತೇವದ ನಿಯಂತ್ರಣವೂ ಮುಖ್ಯವಾಗಿದೆ.

ಹಿನ್ನೆಲೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಪೆಟ್ಟಿಗೆ, ಗೋಡೆಗೂಡು ಮತ್ತು ಅಟ್ಟಗಳು ಸಂಗ್ರಹದ ಸ್ಥಳಗಳಾಗಿದ್ದವು. ದಿನಬಳಕೆಯ ಬಟ್ಟೆಗಳನ್ನು ಬಿದಿರಿನ ಗಳದ ಮೇಲೆ ಹಾಕಲಾಗುತ್ತಿತ್ತು. ಮಳೆಗಾಲದಲ್ಲಿ ಬಚ್ಚಲೊಲೆಯ ಶಾಖದಲ್ಲಿ ಬಟ್ಟೆ ಒಣಗಿಸುವ ರೂಢಿಯಿತ್ತು. ಪೆಟ್ಟಿಗೆಯಲ್ಲಿ ಸುವಾಸನೆಗಾಗಿ ಲಾವಂಚದ ಬೇರು ಇಡುತ್ತಿದ್ದರು.

ಅಳತೆ ಮತ್ತು ವಿಂಗಡಣೆ

ಮೊದಲು ಬಟ್ಟೆಗಳನ್ನು ತೂಗುಹಾಕುವವು, ಮಡಚಿಡುವವು ಮತ್ತು ಅಪರೂಪಕ್ಕೆ ಬಳಸುವವು ಎಂದು ವಿಂಗಡಿಸಲಾಗುತ್ತದೆ. ತೂಗುಹಾಕುವ ಭಾಗಕ್ಕೆ ಸುಮಾರು 55–60 ಸೆಂ.ಮೀ. ಆಳ ಬೇಕಾಗುತ್ತದೆ. ಅಂಗಿಗಳಿಗೆ ಸುಮಾರು 100 ಸೆಂ.ಮೀ., ಉದ್ದನೆಯ ಉಡುಪುಗಳಿಗೆ ಸುಮಾರು 150 ಸೆಂ.ಮೀ. ಎತ್ತರ ಬಿಡಲಾಗುತ್ತದೆ. ಮಡಚಿದ ಬಟ್ಟೆಗಳಿಗೆ 30–45 ಸೆಂ.ಮೀ. ಆಳದ ಅಡ್ಡಹಲಗೆಗಳು ಸಾಕು. ನಿತ್ಯದ ಬಟ್ಟೆಗಳು ಕೈಗೆಟುಕುವ ಎತ್ತರದಲ್ಲೂ ಕಂಬಳಿ, ಹಾಸಿಗೆ ಮೊದಲಾದವು ಮೇಲಿನ ಖಾನೆಯಲ್ಲೂ ಇರುತ್ತವೆ.

ಸಾಮಗ್ರಿ

ಸಾಗುವಾನಿ ಮತ್ತು ಹಲಸಿನ ಮರಗಳು ಬಾಳಿಕೆ ಬರುತ್ತವೆ. ಸಾಗುವಾನಿ, ಬೀಟೆ ಮೊದಲಾದ ಮರಗಳನ್ನು ಕಡಿಯುವ ಮುನ್ನ ಅರಣ್ಯ ಇಲಾಖೆಯ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಪ್ಲೈವುಡ್ ಬಳಸುವುದಾದರೆ ಭಾರತೀಯ ಮಾನಕ 710ರ ಮೆರೈನ್ ದರ್ಜೆ ತೇವವನ್ನು ಹೆಚ್ಚು ತಾಳುತ್ತದೆ. ಪಾರ್ಟಿಕಲ್ ಬೋರ್ಡ್ ನೀರು ಹೀರಿ ಉಬ್ಬುತ್ತದೆ. ಹಲಗೆಯ ಕತ್ತರಿಸಿದ ಅಂಚುಗಳನ್ನು ಮುಚ್ಚದಿದ್ದರೆ ಅಲ್ಲಿಂದಲೇ ತೇವ ಒಳಸೇರುತ್ತದೆ.

ತೇವ ಮತ್ತು ಕೀಟಗಳ ನಿಯಂತ್ರಣ

ಮಳೆಯ ಹೊಡೆತಕ್ಕೆ ಸಿಗುವ ಹೊರಗೋಡೆಗಿಂತ ಒಳಗೋಡೆಗೆ ಕಪಾಟು ಇಡುವುದು ಸೂಕ್ತ. ಹೊರಗೋಡೆಯೇ ಅನಿವಾರ್ಯವಾದಲ್ಲಿ ಗೋಡೆಗೂ ಕಪಾಟಿನ ಹಿಂಬದಿಗೂ ನಡುವೆ ಗಾಳಿಯಾಡಲು ಅಂತರ ಬಿಡಲಾಗುತ್ತದೆ. ಬಾಗಿಲಿಗೆ ಜಾಲರಿ ಅಥವಾ ಓರೆಪಟ್ಟಿಗಳನ್ನು ಅಳವಡಿಸಿದರೆ ಗಾಳಿ ಒಳಗೆ ಸುಳಿಯುತ್ತದೆ. ತಳವನ್ನು ನೆಲದಿಂದ ಎತ್ತರಿಸುವುದರಿಂದ ನೆಲದ ತೇವ ತಗಲುವುದಿಲ್ಲ. ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ.

ಅರೆ ಒಣಗಿದ ಒಂದು ಬಟ್ಟೆಯಿಂದಲೂ ಇಡೀ ಖಾನೆಗೆ ತೇವ ಹರಡಬಹುದು. ನುಸಿಗುಳಿಗೆ ಕೀಟಗಳನ್ನು ದೂರವಿಡುತ್ತದೆಯೇ ಹೊರತು ತೇವವನ್ನು ಹೀರುವುದಿಲ್ಲ. ಆ ಕೆಲಸಕ್ಕೆ ಸಿಲಿಕಾ ಜೆಲ್‌ನಂತಹ ವಸ್ತುಗಳು ಬೇಕು. ಜರಿಯ ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದ ಬದಲು ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ತೆರೆದು ಮಡಿಕೆ ಬದಲಿಸುವುದು ರೂಢಿಯಲ್ಲಿದೆ. ಇದರಿಂದ ಬಟ್ಟೆಗೆ ಗಾಳಿ ತಗಲುತ್ತದೆ, ಒಂದೇ ಗೆರೆಯಲ್ಲಿ ಎಳೆ ಸವೆಯುವುದು ತಪ್ಪುತ್ತದೆ.